ದಾಸೋಹದಲ್ಲಿ ಬಡಿಸುವವರಿಗೊಂದು ಕಿವಿಮಾತು

ದುಡಿದದ್ದನ್ನು ಹಂಚಿಕೊಂಡು ಉಣ್ಣುವ ದಾಸೋಹವನ್ನು 12ನೇ ಶತಮಾನದ ಶರಣರು ಬದುಕಿ ತೋರಿಸಿದರು. ನವಲಗುಂದದ ಅಜಾತ ನಾಗಲಿಂಗಸ್ವಾಮಿ ಮಠ, ಹುಬ್ಬಳ್ಳಿಯ ಸಿದ್ಧಾರೂಢ ಮಠದಂಥ ಕಡೆ ಇಂದಿಗೂ ಭಕ್ತರ ಸೇವೆಯೇ ದಾಸೋಹಕ್ಕೆ ಆಧಾರ. ಜಾತ್ರೆ ಬಂದರೆ ಹಳ್ಳಿಯ ಮನೆಗಳಲ್ಲಿ ದಾಸೋಹಕ್ಕೆಂದು ರೊಟ್ಟಿ ಬಡಿಯುವ ಸಪ್ಪಳ. ಮಠದಲ್ಲಿ ಒಬ್ಬರು ಬದನೆಕಾಯಿ ಹೆಚ್ಚಿದರೆ ಮತ್ತೊಬ್ಬರು ಗೋಧಿ ಹುಗ್ಗಿ ತಿರುವುತ್ತಾರೆ.

ಅಡುಗೆಗಿಂತ ಬಡಿಸುವುದೇ ಸೂಕ್ಷ್ಮ ಕೆಲಸ. ದೂರ ನಿಂತು ‘ಬೇಕಾ?’ ಎಂದರೆ ಹಸಿದವರೂ ಸಂಕೋಚದಿಂದ ‘ಸಾಕು’ ಎನ್ನುತ್ತಾರೆ. ಬಗ್ಗಿ, ‘ಇನ್ನೊಂದೀಟು ಹಾಕ್ತೀನ್ರಿ ಯಜ್ಜಾ’ ಎಂದರೆ ತಾಟು ತಾನಾಗಿ ಮುಂದೆ ಬರುತ್ತದೆ. ಹಲ್ಲಿಲ್ಲದ ಅಜ್ಜಿಗೆ ಕಟಕ ರೊಟ್ಟಿ ಕೊಟ್ಟು ಮುಂದೆ ಹೋಗಬಾರದು. ಅದನ್ನು ಮುರಿದು, ಬಿಸಿ ಸಾರು ಸುರಿದು, ಮೆತ್ತಗಾಗುವವರೆಗೆ ಕಾಯಬೇಕು. ನೆಲಕ್ಕೆ ಕೂರಲಾಗದವರಿಗೆ ಕಟ್ಟೆಯೇ ಪಂಕ್ತಿಯಾಗಲಿ. ಕೂಸಿನ ತಾಯಿ ಉಣ್ಣುವಷ್ಟು ಹೊತ್ತು ಕೂಸನ್ನು ಯಾರಾದರೂ ಎತ್ತಿಕೊಳ್ಳಬಹುದು. ಉಣ್ಣುವವರ ಫೋಟೋ ತೆಗೆಯುವುದಂತೂ ಬೇಡವೇ ಬೇಡ. ಯಾರು, ಯಾವ ಊರು, ಯಾವ ಜಾತಿ ಎಂಬ ವಿಚಾರಣೆಯೂ ಬೇಡ.

ಕೊನೆಯ ಪಂಕ್ತಿ ಎದ್ದ ಮೇಲೂ ಪಾತ್ರೆ ತಿಕ್ಕುವವರು ಉಳಿದಿರುತ್ತಾರೆ. ಅವರ ಪಾಲಿನ ಹುಗ್ಗಿಯನ್ನು ಮೊದಲೇ ತೆಗೆದು ಒಲೆಯ ಬದಿಗೆ ಮುಚ್ಚಿಟ್ಟರೆ ಅವರಿಗೂ ಬಿಸಿ ಊಟ ಸಿಗುತ್ತದೆ.