ಛಾಪಾ ಕಾಗದದಿಂದ ಮದುವೆ ಮುರಿಯುವುದಿಲ್ಲ

ಒಂದು ಬಾಂಡ್ ಪೇಪರ್. ‘ಇಂದಿನಿಂದ ನಾವು ಗಂಡ ಹೆಂಡತಿಯಲ್ಲ, ಒಬ್ಬರ ತಂಟೆಗೆ ಒಬ್ಬರು ಬರುವುದಿಲ್ಲ’ ಎಂಬ ನಾಲ್ಕು ಸಾಲು, ಊರ ಹಿರಿಯರ ಸಹಿ, ಕೆಳಗೆ ನೋಟರಿಯ ಮುದ್ರೆ. ನಮ್ಮ ಎಷ್ಟೋ ಊರುಗಳಲ್ಲಿ ಇಂದಿಗೂ ವಿಚ್ಛೇದನವೆಂದರೆ ಇಷ್ಟೇ. ಉತ್ತರ ಕರ್ನಾಟಕದ ಕಡೆ ಇದನ್ನೇ ಸೋಡಚೀಟಿ ಎನ್ನುವುದುಂಟು. ಹಿಂದೂ ವಿವಾಹ ಕಾಯ್ದೆ ಬಂದದ್ದು 1955ರಲ್ಲಿ. ಆ ಕಾಯ್ದೆಯಡಿ ಮದುವೆ ಮುರಿಯುವುದು ನ್ಯಾಯಾಲಯದ ಡಿಕ್ರಿಯಿಂದ ಮಾತ್ರ. ನೋಟರಿಗೆ ಆ ಅಧಿಕಾರವಿಲ್ಲ, ಪಂಚಾಯಿತಿಗೂ ಇಲ್ಲ.

‘ನಮ್ಮ ಜಾತಿಯಲ್ಲಿ ಹೀಗೇ ನಡೆದು ಬಂದಿದೆ’ ಎನ್ನುವವರಿದ್ದಾರೆ. ಕಾಯ್ದೆಯ 29ನೇ ಕಲಂ ಸಂಪ್ರದಾಯದ ವಿಚ್ಛೇದನವನ್ನು ಉಳಿಸಿಕೊಂಡಿರುವುದು ನಿಜ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿ ಬಹುಕಾಲದಿಂದ ಬಿಡದೆ ನಡೆದಿದೆ ಎಂಬುದನ್ನು, ಹಾಗೆ ಹೇಳುವವರೇ ಕೋರ್ಟಿನಲ್ಲಿ ಸಾಕ್ಷಿ ಸಮೇತ ಸಾಬೀತುಪಡಿಸಬೇಕು. ಸುಪ್ರೀಂ ಕೋರ್ಟ್ 2002ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ಅದನ್ನು ಸಾಬೀತು ಮಾಡುವುದು ಬಹಳ ಕಷ್ಟ.

ಬಾಂಡ್ ಪೇಪರಿನ ಪೆಟ್ಟು ತಕ್ಷಣಕ್ಕೆ ತಿಳಿಯುವುದಿಲ್ಲ. ಅದನ್ನು ನಂಬಿ ಗಂಡಸು ಮತ್ತೊಂದು ಮದುವೆಯಾಗುತ್ತಾನೆ. ಕಾನೂನಿನ ಪ್ರಕಾರ ಆ ಎರಡನೇ ಮದುವೆ ಶೂನ್ಯ. ಮೊದಲ ಹೆಂಡತಿ ದೂರು ಕೊಟ್ಟರೆ ಭಾರತೀಯ ನ್ಯಾಯ ಸಂಹಿತೆಯ 82ನೇ ಕಲಮಿನಡಿ ಏಳು ವರ್ಷದವರೆಗೆ ಸೆರೆವಾಸಕ್ಕೆ ಅವಕಾಶವಿದೆ. ಸರ್ಕಾರಿ ನೌಕರನಾಗಿದ್ದರೆ ಕೆಲಸಕ್ಕೂ ಕುತ್ತು. ಅವನು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಕೇಳಲು ಹೋದಾಗಲೇ, ಇಪ್ಪತ್ತು ವರ್ಷ ಸಂಸಾರ ಮಾಡಿದ ಎರಡನೆಯವಳಿಗೆ ತಾನು ಕಾನೂನಿನ ಕಣ್ಣಿನಲ್ಲಿ ಹೆಂಡತಿಯೇ ಅಲ್ಲ ಎಂದು ತಿಳಿಯುವುದು. ಅವಳ ಮಕ್ಕಳನ್ನು ಹಿಂದೂ ವಿವಾಹ ಕಾಯ್ದೆಯ 16ನೇ ಕಲಂ ಕಾಪಾಡುತ್ತದೆ, ಅವರು ಸಕ್ರಮ ಸಂತಾನವೇ. ಅವಳನ್ನು ಕಾಪಾಡುವ ಅಂಥ ಕಲಂ ಇಲ್ಲ. ಇತ್ತ ಮೊದಲ ಹೆಂಡತಿಯೂ ಜೀವನಾಂಶ ಕೇಳುವ ಹಕ್ಕೇ ಹೋಯಿತೆಂದುಕೊಂಡು ತವರಿನಲ್ಲಿ ಸುಮ್ಮನೆ ಕೂತಿರುತ್ತಾಳೆ. ಒಂದು ಕಾಗದದಿಂದ ಇಬ್ಬರು ಹೆಣ್ಣುಮಕ್ಕಳ ಬದುಕು ಹಾಳಾಗುವುದು ಅನ್ಯಾಯವೇ ಸರಿ.

ಹಾಗಾದರೆ ಸರಿಯಾದ ದಾರಿ ಯಾವುದು? ಇಬ್ಬರೂ ಒಪ್ಪಿದ್ದರೆ 13-ಬಿ ಕಲಂ, ಅಂದರೆ ಪರಸ್ಪರ ಒಪ್ಪಿಗೆಯ ವಿಚ್ಛೇದನ. ಅರ್ಜಿ ಹಾಕುವ ಹೊತ್ತಿಗೆ ದಂಪತಿ ಕನಿಷ್ಠ ಒಂದು ವರ್ಷ ಬೇರೆಯಾಗಿ ಬದುಕಿರಬೇಕು. ಬೇರೆ ಮನೆಯಲ್ಲೇ ಇರಬೇಕೆಂದಿಲ್ಲ. ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಸಾಕು ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಅರ್ಜಿ ಹಾಕಿ ಆರು ತಿಂಗಳು ಕಾದು ಇಬ್ಬರೂ ಮತ್ತೆ ನ್ಯಾಯಾಧೀಶರ ಮುಂದೆ ಒಪ್ಪಿಗೆ ಹೇಳಬೇಕು. ಬಹಳ ಕಾಲದಿಂದ ಬೇರೆಯಿದ್ದು, ಮಕ್ಕಳು, ಜೀವನಾಂಶ ಎಲ್ಲವೂ ಇತ್ಯರ್ಥವಾಗಿದ್ದರೆ ಈ ಆರು ತಿಂಗಳನ್ನು ಮನ್ನಾ ಮಾಡಬಹುದು ಎಂಬುದು 2017ರ ತೀರ್ಪು. ಮನ್ನಾ ಮಾಡುವುದು ಕೋರ್ಟಿನ ವಿವೇಚನೆ, ಅರ್ಜಿದಾರರ ಹಕ್ಕಲ್ಲ. ಡಿಕ್ರಿ ಬರುವವರೆಗೂ ಯಾರು ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು. ಆದ್ದರಿಂದ ಒಪ್ಪಂದದ ಹಣವನ್ನೆಲ್ಲ ಮೊದಲೇ ಕೊಟ್ಟುಬಿಡಬೇಡಿ. ಹಣ ಪಡೆಯುವವರೂ ಅಷ್ಟೇ, ಕೈಗೆ ಬಾರದೆ ಕೊನೆಯ ಹೇಳಿಕೆ ಕೊಡಬೇಡಿ. ಸ್ವಲ್ಪ ಭಾಗ ಅರ್ಜಿಯ ದಿನ, ಉಳಿದದ್ದು ಅಂತಿಮ ಹೇಳಿಕೆಯ ದಿನ ನ್ಯಾಯಾಧೀಶರ ಎದುರಿಗೇ ಡಿಡಿ ಮೂಲಕ ಎಂದು ಒಪ್ಪಂದದಲ್ಲೇ ಬರೆಸಿಕೊಳ್ಳಿ.

ಒಬ್ಬರು ಒಪ್ಪದಿದ್ದರೆ 13ನೇ ಕಲಮಿನ ಕಾರಣಗಳಲ್ಲಿ ಒಂದನ್ನು ರುಜುವಾತು ಮಾಡಬೇಕು. ಕ್ರೌರ್ಯ, ವ್ಯಭಿಚಾರ, ಎರಡು ವರ್ಷ ತೊರೆದಿರುವುದು, ಮತಾಂತರ, ತೀವ್ರ ಮಾನಸಿಕ ಅಸ್ವಸ್ಥತೆ, ಏಳು ವರ್ಷ ಸುಳಿವಿಲ್ಲದಿರುವುದು ಇವುಗಳಲ್ಲಿ ಮುಖ್ಯವಾದವು. ‘ಹೊಂದಾಣಿಕೆಯೇ ಆಗುತ್ತಿಲ್ಲ, ಅಷ್ಟು ಸಾಲದೇ?’ ಎಂದು ಬಹಳ ಜನ ಕೇಳುತ್ತಾರೆ. ಸಾಲದು. ಮತ್ತೆ ಕೂಡಿಸಲಾಗದಷ್ಟು ಮುರಿದ ಮದುವೆಯನ್ನು ಆ ಒಂದೇ ಕಾರಣಕ್ಕೆ ರದ್ದು ಮಾಡುವ ವಿಶೇಷಾಧಿಕಾರ ಸಂವಿಧಾನದ 142ನೇ ವಿಧಿಯಡಿ ತನಗುಂಟು ಎಂದು ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ಕೌಟುಂಬಿಕ ನ್ಯಾಯಾಲಯಕ್ಕೆ ಆ ಅಧಿಕಾರವಿಲ್ಲ. ಮದುವೆಯಾಗಿ ವರ್ಷ ತುಂಬುವ ಮೊದಲು, ಅಸಾಧಾರಣ ಕಷ್ಟವಿದ್ದು ಕೋರ್ಟ್ ಅನುಮತಿಸಿದ ಹೊರತು, ಅರ್ಜಿಯೂ ನಡೆಯದು.

ಮದುವೆ ಮುರಿಯಲು ಮನಸ್ಸಿಲ್ಲ, ಜೊತೆಗಿರಲೂ ಸಾಧ್ಯವಿಲ್ಲ ಎನ್ನುವವರಿಗೆ 10ನೇ ಕಲಮಿನ ನ್ಯಾಯಿಕ ಪ್ರತ್ಯೇಕತೆ ಇದೆ. ಕಾರಣಗಳು ವಿಚ್ಛೇದನದವೇ. ಡಿಕ್ರಿ ಸಿಕ್ಕಮೇಲೆ ಒಟ್ಟಿಗೆ ಬಾಳುವ ಕಟ್ಟುಪಾಡಿಲ್ಲ, ಆದರೆ ಮದುವೆ ಉಳಿದಿರುತ್ತದೆ. ಇಬ್ಬರೂ ಮರುಮದುವೆಯಾಗುವಂತಿಲ್ಲ. ಒಂದು ವರ್ಷ ಕಳೆದರೂ ಕೂಡಿ ಬಾಳದಿದ್ದರೆ ಅದೇ ಆಧಾರದ ಮೇಲೆ ಯಾರಾದರೂ ವಿಚ್ಛೇದನ ಕೇಳಬಹುದು. ಧಾರ್ಮಿಕ ಕಾರಣಕ್ಕೋ ಮಕ್ಕಳ ಸಲುವಾಗಿಯೋ ಹಿಂಜರಿಯುವವರಿಗೆ ಇದು ಗೌರವದ ದಾರಿ.

ಅರ್ಜಿ ಎಲ್ಲಿ ಹಾಕಬೇಕು? ಮದುವೆಯಾದ ಊರು, ಎದುರುದಾರರು ವಾಸಿಸುವ ಊರು, ಇಬ್ಬರೂ ಕೊನೆಗೆ ಕೂಡಿ ಬಾಳಿದ ಊರು, ಈ ಮೂರರಲ್ಲಿ ಎಲ್ಲಿ ಬೇಕಾದರೂ. 2003ರ ತಿದ್ದುಪಡಿಯ ನಂತರ ಹೆಂಡತಿ ತಾನೀಗ ಇರುವ ಊರಿನಲ್ಲೂ ಹಾಕಬಹುದು. ಬೀದರ್‌ನ ತವರಿಗೆ ಮರಳಿದವಳು ಬೆಂಗಳೂರಿಗೆ ಅಲೆಯಬೇಕಿಲ್ಲ. ಕೋರ್ಟಿನಿಂದ ಸಮನ್ಸ್ ಬಂದರೆ ಮಾತ್ರ ದಯವಿಟ್ಟು ನಿರ್ಲಕ್ಷಿಸಬೇಡಿ. ತೆಗೆದುಕೊಳ್ಳದೆ ವಾಪಸ್ ಕಳಿಸಿದರೆ ಪ್ರಕರಣ ನಿಲ್ಲುವುದಿಲ್ಲ. ನಿಮ್ಮ ಮಾತು ಕೇಳದೆಯೇ ಏಕಪಕ್ಷೀಯ ಡಿಕ್ರಿ ಬರುತ್ತದೆ, ಅದನ್ನು ರದ್ದುಪಡಿಸಲು ಕೇಳಲು ಸಾಮಾನ್ಯವಾಗಿ 30 ದಿನವಷ್ಟೇ ಅವಕಾಶ.

ಜೀವನಾಂಶಕ್ಕೆ ಪ್ರಕರಣ ಮುಗಿಯುವವರೆಗೆ ಕಾಯಬೇಕಿಲ್ಲ. 24ನೇ ಕಲಮಿನಡಿ ಮಧ್ಯಂತರ ಜೀವನಾಂಶ ಮತ್ತು ವ್ಯಾಜ್ಯದ ಖರ್ಚು ಕೇಳಬಹುದು. ಆದಾಯವಿಲ್ಲದ ಗಂಡನೂ ಕೇಳಬಹುದು. ಜೀವನಾಂಶ ಕೇಳಲು ಇದ್ದ ಇನ್ನೊಂದು ದಾರಿಯಾದ ದಂಡ ಪ್ರಕ್ರಿಯಾ ಸಂಹಿತೆಯ ಹಳೆಯ 125ನೇ ಕಲಂ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಾಗಿದೆ. ಸುಪ್ರೀಂ ಕೋರ್ಟ್ 2020ರಲ್ಲಿ ಕೊಟ್ಟ ತೀರ್ಪಿನಂತೆ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ಪ್ರಮಾಣಪತ್ರ ಸಲ್ಲಿಸಲೇಬೇಕು, ಜೀವನಾಂಶ ಅರ್ಜಿಯ ದಿನಾಂಕದಿಂದಲೇ ಲೆಕ್ಕ. ಅರ್ಜಿ ತಡಮಾಡಿದಷ್ಟೂ ನಷ್ಟ ನಿಮಗೇ. ವಿಚ್ಛೇದನವಾದರೆ ಗಂಡನ ಅರ್ಧ ಆಸ್ತಿ ಹೆಂಡತಿಗೆ ಎಂಬ ಮಾತು ನಮ್ಮ ಕಾನೂನಿನಲ್ಲಿಲ್ಲ. ಸ್ತ್ರೀಧನ ಮಾತ್ರ ಪೂರ್ತಿ ಅವಳದೇ, ಅತ್ತೆಮನೆಯವರು ಇಟ್ಟುಕೊಳ್ಳುವಂತಿಲ್ಲ. ಮಕ್ಕಳ ವಿಷಯದಲ್ಲಿ ಕೋರ್ಟ್ ನೋಡುವುದು ಮಗುವಿನ ಹಿತವನ್ನು. ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ. ‘ಮಗುವಿನ ಖರ್ಚು ಕೇಳುವುದಿಲ್ಲ’ ಎಂದು ತಾಯಿ ಬರೆದುಕೊಟ್ಟರೂ ಮಗುವಿನ ಹಕ್ಕು ಹೋಗದು.

ಈವರೆಗೆ ಹೇಳಿದ್ದು ಬಹುಪಾಲು ಹಿಂದೂ ವಿವಾಹ ಕಾಯ್ದೆಯ ಮಾತು. ಮುಸ್ಲಿಂ ಮಹಿಳೆಗೆ 1939ರ ಕಾಯ್ದೆ ಕೋರ್ಟಿನ ಬಾಗಿಲು ತೆರೆದಿದೆ. ಗಂಡ ಎರಡು ವರ್ಷ ಪೋಷಣೆ ಮಾಡದಿದ್ದರೂ ಅದು ಸಾಕಾದ ಕಾರಣ. ತಕ್ಷಣದ ತ್ರಿವಳಿ ತಲಾಖ್ 2019ರ ಕಾಯ್ದೆಯಂತೆ ಅಪರಾಧ, ಮೂರು ವರ್ಷದವರೆಗೆ ಶಿಕ್ಷೆ. ವಿಚ್ಛೇದಿತ ಮುಸ್ಲಿಂ ಮಹಿಳೆಯೂ 125ನೇ ಕಲಮಿನಡಿ ಜೀವನಾಂಶ ಕೇಳಬಹುದೆಂದು ಸುಪ್ರೀಂ ಕೋರ್ಟ್ 2024ರಲ್ಲಿ ಪುನರುಚ್ಚರಿಸಿದೆ. ಕ್ರೈಸ್ತರಿಗೆ 1869ರ ಕಾಯ್ದೆ, 1954ರ ವಿಶೇಷ ವಿವಾಹ ಕಾಯ್ದೆಯಡಿ ಮದುವೆಯಾದವರಿಗೆ ಅದೇ ಕಾಯ್ದೆ ಅನ್ವಯ.

ಡಿಕ್ರಿ ಕೈಗೆ ಬಂದ ಮರುದಿನವೇ ಮರುಮದುವೆ ಬೇಡ. ಮೇಲ್ಮನವಿಯ ಅವಧಿ ಮುಗಿಯಬೇಕು, 90 ದಿನ ಕಾಯುವುದು ಕ್ಷೇಮ. ಡಿಕ್ರಿಯ ದೃಢೀಕೃತ ಪ್ರತಿಗಳನ್ನು ತೆಗೆದಿರಿಸಿಕೊಳ್ಳಿ, ಪಾಸ್‌ಪೋರ್ಟ್, ಬ್ಯಾಂಕು, ಪಿಂಚಣಿ ಎಲ್ಲಕ್ಕೂ ಬೇಕಾಗುತ್ತದೆ.

‘ಕೋರ್ಟಿಗೆ ಹೋಗಲು ದುಡ್ಡೆಲ್ಲಿ?’ ಎಂಬ ಭಯವೇ ಬಹಳ ಜನರನ್ನು ಬಾಂಡ್ ಪೇಪರಿನತ್ತ ತಳ್ಳುವುದು. ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 1987ರ 12ನೇ ಕಲಂ ಪ್ರಕಾರ ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರು ಸಿಗುತ್ತಾರೆ. ಪರಿಶಿಷ್ಟ ಜಾತಿ, ಪಂಗಡದವರಿಗೂ ಹಾಗೆಯೇ, ಉಳಿದ ಬಡವರಿಗೆ ಆದಾಯ ಮಿತಿಯೊಳಗೆ. ತಾಲ್ಲೂಕು ನ್ಯಾಯಾಲಯಗಳ ಆವರಣದಲ್ಲೇ ಕಾನೂನು ಸೇವಾ ಸಮಿತಿಯ ಕಚೇರಿ ಇರುತ್ತದೆ. ಸಹಾಯವಾಣಿ 15100. ಹಿರಿಯರ ಮುಂದೆ ಸಹಿ ಹಾಕುವ ಮೊದಲು ಒಮ್ಮೆ ಆ ಸಂಖ್ಯೆಗೆ ಕರೆ ಮಾಡಿ.