ಮಡಿಸಿ ಹೆಗಲಿಗೇರಿಸುವ ದೋಣಿ



ಪ್ರಥಮ ಪಿಯುಸಿಗೆ ಘನವಸ್ತುಗಳ ಗುಣಧರ್ಮಗಳ ಪಾಠ ಮಾಡುವಾಗ ನಾನು ಪ್ರತಿ ವರ್ಷ ಒಂದು ಪ್ರಶ್ನೆ ಕೇಳುತ್ತೇನೆ: ಒಂದಷ್ಟು ಕೋಲು, ಒಂದು ಬಟ್ಟೆ, ಇಷ್ಟರಿಂದಲೇ ಮನುಷ್ಯನನ್ನು ಹೊತ್ತು ಸಮುದ್ರದಲ್ಲಿ ಸಾಗುವ ದೋಣಿ ಮಾಡಬಹುದೇ? ಹೆಚ್ಚಿನವರು "ಇಲ್ಲ ಸರ್" ಎನ್ನುತ್ತಾರೆ. ಮಾಡಬಹುದು, ಮಾಡಿದ್ದಾರೆ. ಪಠ್ಯದಲ್ಲಿ ಇಲ್ಲದ ಆ ಕಥೆಯನ್ನು ಇಲ್ಲಿ ಹೇಳುತ್ತೇನೆ.

ಚೌಕಟ್ಟಿನ ಮೇಲೆ ಚರ್ಮ ಹೊದಿಸುವ ಉಪಾಯ ಬಹಳ ಹಳೆಯದು. ನಮ್ಮ ತುಂಗಭದ್ರೆಯ ಹರಿಗೋಲು ಅದೇ ಜಾತಿಯದು. ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬಾಬಿಲೋನಿನ ವ್ಯಾಪಾರಿಗಳ ಬಗ್ಗೆ ಬರೆದಿದ್ದಾನೆ. ಅವರು ಚರ್ಮದ ದುಂಡು ದೋಣಿಯಲ್ಲಿ ಸರಕಿನ ಜೊತೆ ಒಂದು ಕತ್ತೆಯನ್ನೂ ಹತ್ತಿಸಿಕೊಂಡು ಬರುತ್ತಿದ್ದರಂತೆ. ಸರಕು ಮಾರಿದ ಮೇಲೆ ದೋಣಿಯ ಚೌಕಟ್ಟನ್ನೂ ಮಾರಿ, ಚರ್ಮವನ್ನು ಕತ್ತೆಯ ಮೇಲೆ ಹೇರಿಕೊಂಡು ನೆಲದ ದಾರಿಯಲ್ಲಿ ಊರಿಗೆ ಹೋಗುತ್ತಿದ್ದರು. ಪ್ರವಾಹಕ್ಕೆ ಎದುರಾಗಿ ಹುಟ್ಟು ಹಾಕುವ ಕಷ್ಟವೇ ಇಲ್ಲ!

ಆಧುನಿಕ ಮಡಿಸುವ ದೋಣಿಯನ್ನು ಮಾಡಿದವನು ಆಲ್ಫ್ರೆಡ್ ಹೊಯ್ರಿಖ್, ಜರ್ಮನಿಯ ಮ್ಯೂನಿಕ್‌ನಲ್ಲಿ ವಾಸ್ತುಶಿಲ್ಪ ಓದುತ್ತಿದ್ದ ಒಬ್ಬ ವಿದ್ಯಾರ್ಥಿ. 1905ರಲ್ಲಿ ಅವನು ಬಿದಿರು ಮತ್ತು ಹಾಯಿಬಟ್ಟೆಯಿಂದ ಮಾಡಿದ ದೋಣಿಯಲ್ಲಿ ಇಸಾರ್ ನದಿಯಲ್ಲಿ ಪಯಣಿಸಿದ. 1907ರಲ್ಲಿ ಆ ವಿನ್ಯಾಸದ ಹಕ್ಕು ಪಡೆದು ಕಾರ್ಖಾನೆ ಮಟ್ಟಕ್ಕೆ ಬೆಳೆಸಿದವನು ರೋಸನ್‌ಹೈಮ್ ಊರಿನ ಯೋಹಾನ್ ಕ್ಲೆಪ್ಪರ್. ಅವನು ಬಡಗಿಯಲ್ಲ, ದರ್ಜಿ. ಇದು ಆಕಸ್ಮಿಕವಲ್ಲ ಎಂದೇ ನನ್ನ ಅಭಿಪ್ರಾಯ. ಈ ದೋಣಿಯಲ್ಲಿ ಅರ್ಧ ಕೆಲಸ ಹೊಲಿಗೆಯದೇ. ಪಟ್ಟಣದ ಬಾಡಿಗೆ ಮನೆಯಲ್ಲಿದ್ದವರಿಗೆ ದೋಣಿ ಇಡಲು ಜಾಗವಿರಲಿಲ್ಲ. ಈಗ ಅದನ್ನು ಚೀಲಕ್ಕೆ ತುಂಬಿ ರೈಲು ಹತ್ತಿ, ಬೆಟ್ಟದ ನದಿಯ ಹತ್ತಿರ ಇಳಿದರಾಯಿತು.

ಇನ್ನು ರಚನೆಗೆ ಬರೋಣ. ಉದ್ದಕ್ಕೆ ಆಶ್ ಮರದ ತೆಳು ಪಟ್ಟಿಗಳು, ಅಡ್ಡಕ್ಕೆ ಪ್ಲೈವುಡ್ಡಿನ ಪಕ್ಕೆಲುಬುಗಳು. ಮುಂದಿನ ಅರ್ಧ, ಹಿಂದಿನ ಅರ್ಧ ಬೇರೆ ಬೇರೆಯಾಗಿ ಜೋಡಿಸಿ ಹೊದಿಕೆಯೊಳಗೆ ತೂರಿಸುತ್ತಾರೆ. ಆಗ ಎರಡೂ ನಡುವೆ ಸಂಧಿಸಿ ಗುಡಿಸಲಿನ ಸೂರಿನಂತೆ ಮೇಲಕ್ಕೆ ಎದ್ದಿರುತ್ತವೆ. ಆ ನಡುಭಾಗವನ್ನು ಕೆಳಕ್ಕೆ ಒತ್ತಿದರೆ ಚೌಕಟ್ಟು ಉದ್ದವಾಗಿ ಹೊದಿಕೆಯನ್ನು ಎರಡು ತುದಿಗೂ ಎಳೆಯುತ್ತದೆ. ಇದೇ ಗುಟ್ಟು. ಬಟ್ಟೆ ಎಳೆತವನ್ನು ತಡೆಯುತ್ತದೆ, ಒತ್ತಿದರೆ ಕುಸಿಯುತ್ತದೆ. ಮರದ ಪಟ್ಟಿ ಒತ್ತಡ ತಡೆಯುತ್ತದೆ, ಆದರೆ ಒಂಟಿಯಾಗಿದ್ದರೆ ಬಳುಕುತ್ತದೆ. ಎರಡೂ ಒಂದನ್ನೊಂದು ಹಿಡಿದಾಗ ಇಡೀ ರಚನೆ ಗಟ್ಟಿ. ದಫ್ ನೋಡಿದ್ದೀರಲ್ಲ? ಚರ್ಮ ಸಡಿಲವಿದ್ದರೆ ಅದು ಬರಿಯ ಬಳೆ ಮತ್ತು ತೊಗಲು, ಬಿಗಿದರೆ ವಾದ್ಯ.

ತಳದ ಬಟ್ಟೆಗೆ ರಬ್ಬರ್ ಲೇಪವಿರುತ್ತದೆ. ತೂತಾದರೆ ಸೈಕಲ್ ಟ್ಯೂಬಿಗೆ ಹಾಕುವಂತೆ ಪ್ಯಾಚ್ ಹಾಕಬಹುದು. ಮೇಲ್ಹೊದಿಕೆ ಬರಿಯ ದಪ್ಪ ಹತ್ತಿ, ನೆನೆದಾಗ ನೂಲು ಉಬ್ಬಿ ರಂಧ್ರಗಳು ತಾವಾಗಿ ಮುಚ್ಚುತ್ತವೆ. ಒಂದು ಲೆಕ್ಕ ಮಾಡಿ: ಮನುಷ್ಯ, ದೋಣಿ, ಸಾಮಾನು ಸೇರಿ 120 ಕಿಲೋ. ತೇಲಲು 120 ಲೀಟರ್ ನೀರನ್ನು ಸರಿಸಬೇಕು. ನೀರಿನ ಮಟ್ಟದಲ್ಲಿ ದೋಣಿಯ ವಿಸ್ತೀರ್ಣ 2.4 ಚದರ ಮೀಟರ್ ಎಂದಿಟ್ಟುಕೊಂಡರೆ ಅದು ಸರಾಸರಿ ಮುಳುಗುವುದು 5 ಸೆಂಟಿಮೀಟರ್ ಮಾತ್ರ!

ಕ್ಲೆಪ್ಪರ್ ಕಂಪನಿ ನಂತರ ಎರಡೂ ಪಕ್ಕದಲ್ಲಿ ಗಾಳಿ ತುಂಬುವ ಕೊಳವೆಗಳನ್ನು ಸೇರಿಸಿತು. ಅಂಥ ದೋಣಿಯಲ್ಲೇ ಜರ್ಮನ್ ವೈದ್ಯ ಹಾನ್ನೆಸ್ ಲಿಂಡೆಮನ್ 1956ರಲ್ಲಿ ಒಬ್ಬನೇ 72 ದಿನಗಳಲ್ಲಿ ಅಟ್ಲಾಂಟಿಕ್ ದಾಟಿದ. ದಾರಿಯಲ್ಲಿ ದೋಣಿ ಎರಡು ಸಲ ಮಗುಚಿತು. ಆದರೂ ಮುಳುಗಲಿಲ್ಲ.

ಮಡಿಸುವ ಅನುಕೂಲಕ್ಕೆ ಒಂದು ಬೆಲೆಯೂ ಇದೆ. ಅದು ಸಮಯ. ಟೈಟಾನಿಕ್ ಹಡಗಿನ 20 ದೋಣಿಗಳಲ್ಲಿ ನಾಲ್ಕು ಮಡಿಸುವಂಥವು. ಮರದ ತಳ, ಎತ್ತಿ ನಿಲ್ಲಿಸಬೇಕಾದ ಕ್ಯಾನ್ವಾಸ್ ಪಕ್ಕಗಳು, ತಲಾ 47 ಜನರ ಜಾಗ. ಎರಡನ್ನು ಇಳಿಸುವ ಯಂತ್ರದ ಹತ್ತಿರವೇ ಇಟ್ಟಿದ್ದರು, ಅವು ಸರಿಯಾಗಿ ಇಳಿದವು. ಉಳಿದೆರಡು ಅಧಿಕಾರಿಗಳ ಕೊಠಡಿಗಳ ಮಾಡಿನ ಮೇಲಿದ್ದವು. ಅವುಗಳನ್ನು ಕೆಳಗೆ ತರುವಷ್ಟರಲ್ಲಿ ಹಡಗೇ ಮುಳುಗುತ್ತಿತ್ತು. ಒಂದಕ್ಕೆ ನೀರು ತುಂಬಿತು. ಇನ್ನೊಂದು ಬೋರಲಾಗಿ ತೇಲಿತು, ಅದರ ಬೆನ್ನ ಮೇಲೆ ಸುಮಾರು 30 ಮಂದಿ ಬೆಳಗಿನವರೆಗೆ ಜೀವ ಹಿಡಿದುಕೊಂಡಿದ್ದರು. ವಿನ್ಯಾಸದಷ್ಟೇ ಅದನ್ನು ಎಲ್ಲಿ ಇಡುತ್ತೇವೆ ಎಂಬುದೂ ಮುಖ್ಯ. ನಮ್ಮ ಕಟ್ಟಡಗಳಲ್ಲಿ ಬೆಂಕಿ ಆರಿಸುವ ಸಿಲಿಂಡರ್ ಎಲ್ಲಿದೆ ಎಂದು ಒಮ್ಮೆ ನೋಡಿ ಬನ್ನಿ.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು ಓಸ್ಕರ್ ಸ್ಪೆಕ್ ಎಂಬ ಎಲೆಕ್ಟ್ರಿಷಿಯನ್‌ನ ಕಥೆ. ಆರ್ಥಿಕ ಕುಸಿತದಲ್ಲಿ ಕೆಲಸ ಕಳೆದುಕೊಂಡ ಅವನು ಸೈಪ್ರಸ್‌ನ ತಾಮ್ರದ ಗಣಿಯಲ್ಲಿ ಕೆಲಸ ಸಿಗಬಹುದೆಂದು 1932ರ ಮೇ ತಿಂಗಳಲ್ಲಿ ಜರ್ಮನಿಯ ಉಲ್ಮ್‌ನಿಂದ ಡ್ಯಾನ್ಯೂಬ್ ನದಿಗಿಳಿದ. ಅವನಿಗೆ ಈಜು ಬರುತ್ತಿರಲಿಲ್ಲ. (ಕರಾವಳಿಯ ಮಕ್ಕಳು ನಗಬಹುದು.) ಸೈಪ್ರಸ್ ತಲುಪಿದ ಮೇಲೆ ಗಣಿಯ ಆಸೆ ಹೋಗಿ ಪ್ರಯಾಣದ ರುಚಿ ಹತ್ತಿತು. ಸಿರಿಯಾದಲ್ಲಿ ದೋಣಿಯನ್ನು ಮಡಿಸಿ ಬಸ್ಸಿಗೆ ಹಾಕಿಕೊಂಡು ಫುರಾತ್, ಅಂದರೆ ಯೂಫ್ರಟಿಸ್ ನದಿಗೆ ಬಂದ. ಗಟ್ಟಿ ದೋಣಿಯಾಗಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಕೊಲ್ಲಿ ದಾಟಿ, ಭಾರತದ ಪಶ್ಚಿಮ ಕರಾವಳಿಗುಂಟ ಇಳಿದು 1935ರಲ್ಲಿ ಸಿಲೋನ್ ತಲುಪಿದ. ಕಾರವಾರ, ಭಟ್ಕಳ, ಮಂಗಳೂರು ಇರುವುದು ಅದೇ ಅಂಚಿನಲ್ಲಿ. ಮಲೇರಿಯಾ ಹಿಡಿಯಿತು, ಹಳೆಯ ದೋಣಿ ಸವೆದು ಹೊಸದು ತರಿಸಬೇಕಾಯಿತು. ಸುಮಾರು 50,000 ಕಿಲೋಮೀಟರ್ ಕ್ರಮಿಸಿ 1939ರ ಸೆಪ್ಟೆಂಬರಿನಲ್ಲಿ ಆಸ್ಟ್ರೇಲಿಯಾದ ಸೈಬಾಯ್ ದ್ವೀಪಕ್ಕೆ ಬಂದಾಗ ಯುದ್ಧ ಶುರುವಾಗಿತ್ತು. ದಡದಲ್ಲಿ ಕಾದಿದ್ದ ಪೊಲೀಸರು ಶತ್ರುದೇಶದ ಪ್ರಜೆಯೆಂದು ಅವನನ್ನು ಬಂಧಿಸಿದರು. ಯುದ್ಧ ಮುಗಿಯುವವರೆಗೂ ಸೆರೆವಾಸ.

ಅದೇ ಯುದ್ಧ ಈ ದೋಣಿಯನ್ನೂ ಸೈನ್ಯಕ್ಕೆ ಸೇರಿಸಿತು. ಸದ್ದಿಲ್ಲ, ಲೋಹವಿಲ್ಲ, ನೀರಿನ ಮೇಲೆ ಎತ್ತರವಿಲ್ಲ. 1943ರಲ್ಲಿ ಆರು ಮಂದಿ ಮೂರು ಮಡಿಸುವ ದೋಣಿಗಳಲ್ಲಿ ಸಿಂಗಾಪುರದ ಬಂದರಿಗೆ ನುಸುಳಿ ಜಪಾನಿ ವಶದಲ್ಲಿದ್ದ ಹಡಗುಗಳಿಗೆ ಸ್ಫೋಟಕ ಅಂಟಿಸಿದರು. ಅವರನ್ನು ಅಲ್ಲಿಗೆ ಒಯ್ದ ಹಡಗಿನ ಹೆಸರು ಕ್ರೇಟ್, ಅಂದರೆ ನಮ್ಮ ಕಟ್ಟುಹಾವು. ಅದಕ್ಕೂ ಮೊದಲು, 1942ರ ಡಿಸೆಂಬರಿನಲ್ಲಿ, ಬ್ರಿಟಿಷರು ಫ್ರಾನ್ಸಿನ ಬೋರ್ಡೋ ಬಂದರಿಗೆ ಇಂಥದೇ ದಾಳಿ ಮಾಡಿದ್ದರು. ಆ ದೋಣಿಗಳ ಅಳತೆಯನ್ನು ನಿರ್ಧರಿಸಿದ್ದು ಸಬ್‌ಮರೀನಿನ ಬಾಗಿಲು. ಆರರಲ್ಲಿ ಒಂದು ಆ ಬಾಗಿಲಲ್ಲೇ ಹರಿದುಹೋಯಿತು. ಉಳಿದ ಐದರಲ್ಲಿ ಹತ್ತು ಮಂದಿ ಗಿರೋಂಡ್ ಅಳಿವೆಯತ್ತ ಹೊರಟರು. ಇಬ್ಬರು ನೀರಿನಲ್ಲಿ ತೀರಿಕೊಂಡರು, ಆರು ಮಂದಿಯನ್ನು ಸೆರೆಹಿಡಿದು ಗುಂಡಿಟ್ಟು ಕೊಂದರು. ಮೇಜರ್ ಹಾಸ್ಲರ್ ಮತ್ತು ಸ್ಪಾರ್ಕ್ಸ್ ಎಂಬ ಸೈನಿಕ ಕೆಲಸ ಮುಗಿಸಿ, ತಮ್ಮ ದೋಣಿಯನ್ನು ತಾವೇ ಮುಳುಗಿಸಿ, ಕಾಲ್ನಡಿಗೆಯಲ್ಲಿ ಸ್ಪೇನ್‌ನತ್ತ ಹೊರಟರು.