ಕುದುರೆಯ ಕರುಳಿನ ಹುಳುಗಳು

ಹುಲ್ಲುಗಾವಲಿನಲ್ಲಿ ಮೇಯುವ ಕುದುರೆಗಳಲ್ಲಿ ಕರುಳಿನ ಹುಳುಗಳಿಲ್ಲದ ಕುದುರೆಯೇ ಇಲ್ಲವೆನ್ನಬಹುದು. ಮೈ ನುಣುಪಾಗಿ ಹೊಳೆಯುವ ಕುದುರೆಯ ಹೊಟ್ಟೆಯಲ್ಲಿಯೂ ಸಾವಿರಾರು ಹುಳುಗಳಿರಬಲ್ಲವು. ಆದುದರಿಂದ ಕಣ್ಣಳತೆಯನ್ನು ನಂಬಿ ಔಷಧಿ ಕೊಡುವುದು ಸಲ್ಲದು; ಮೊದಲು ಲದ್ದಿಯನ್ನು ಪರೀಕ್ಷಿಸಬೇಕು. ಇದೇ ಈ ಪಾಠದ ಸಾರ.

ಈ ಹುಳುಗಳಲ್ಲಿ ಮುಖ್ಯವಾದ ಮೂರು ಬಗೆಗಳನ್ನು ನಾವು ಇಲ್ಲಿ ನೋಡೋಣ. ಮೊದಲನೆಯದು ದೊಡ್ಡ ಸ್ಟ್ರಾಂಗೈಲ್. ಇದರ ಒಂದು ಜಾತಿಯ ಮರಿಹುಳುಗಳು ಕರುಳಿಗೆ ರಕ್ತವನ್ನೊಯ್ಯುವ ನಾಳದ ಗೋಡೆಯಲ್ಲಿ ಬೆಳೆದು, ಅಲ್ಲಿ ರಕ್ತ ಹೆಪ್ಪುಗಟ್ಟುವಂತೆ ಮಾಡಿ, ಪ್ರಾಣಾಂತಕವಾದ ಹೊಟ್ಟೆಶೂಲೆಗೆ ಕಾರಣವಾಗುತ್ತವೆ. ಎರಡನೆಯದು ಸಣ್ಣ ಸ್ಟ್ರಾಂಗೈಲ್. ಇದರ ಮರಿಗಳು ದೊಡ್ಡ ಕರುಳಿನ ಗೋಡೆಯಲ್ಲಿ ತಿಂಗಳುಗಟ್ಟಲೆ ಅಡಗಿರುತ್ತವೆ. ಒಮ್ಮೆಗೇ ಹೊರಬಿದ್ದರೆ ಕುದುರೆ ತೀವ್ರ ಭೇದಿಯಿಂದ ಬಡವಾಗುತ್ತದೆ. ಮೂರನೆಯದು ಕುದುರೆಮರಿಗಳನ್ನು ಕಾಡುವ ದುಂಡುಹುಳು. ಇದು ಹೆಚ್ಚಿದರೆ ಸಣ್ಣ ಕರುಳಿನ ದಾರಿಯೇ ಮುಚ್ಚಿಹೋಗುವುದುಂಟು.

ಪರೀಕ್ಷೆಯ ಕ್ರಮ ಸರಳವಾದುದು. ಹೊಸ ಲದ್ದಿಯನ್ನು ಕೆಲವು ಗ್ರಾಂ ತೂಗಿ, ಗಾಢವಾದ ಉಪ್ಪುನೀರಿನಲ್ಲಿ ಕಲಸಿ ಸೋಸುತ್ತಾರೆ. ಹಗುರವಾದ ಮೊಟ್ಟೆಗಳು ಮೇಲಕ್ಕೆ ತೇಲುತ್ತವೆ. ಗೆರೆಹಾಕಿದ ಗಾಜಿನ ಕೋಶದಲ್ಲಿಟ್ಟು ಸೂಕ್ಷ್ಮದರ್ಶಕದಿಂದ ಎಣಿಸಿ, ಒಂದು ಗ್ರಾಮಿಗೆ ಎಷ್ಟು ಮೊಟ್ಟೆಗಳೆಂದು ಲೆಕ್ಕ ಹಾಕುತ್ತಾರೆ. ವಯಸ್ಕ ಕುದುರೆಯಲ್ಲಿ 200ಕ್ಕಿಂತ ಕಡಿಮೆಯಿದ್ದರೆ ಅಲ್ಪ, 500ಕ್ಕೆ ಮೀರಿದರೆ ಅಧಿಕ ಎಂಬುದು ರೂಢಿಯ ಎಣಿಕೆ. ಒಂದು ಹಿಂಡಿನ ಬಹುಪಾಲು ಮೊಟ್ಟೆಗಳು ಕೆಲವೇ ಕುದುರೆಗಳಿಂದ ಬರುತ್ತವೆಂಬುದನ್ನು ನಾವು ಮರೆಯಬಾರದು. ಆದರೆ ಕರುಳಿನ ಗೋಡೆಯಲ್ಲಿ ಅಡಗಿದ ಮರಿಗಳು ಮೊಟ್ಟೆಯಿಡುವುದಿಲ್ಲ. ಆದ್ದರಿಂದ ಮೊಟ್ಟೆ ಕಾಣದ ಮಾತ್ರಕ್ಕೆ ಹುಳುವಿಲ್ಲವೆನ್ನಲಾಗದು.

1966ರಲ್ಲಿ ಅಮೆರಿಕದ ಕೆಂಟಕಿಯ ವಿಜ್ಞಾನಿಗಳಾದ ಡ್ರಡ್ಜ್ ಮತ್ತು ಲಯನ್ಸ್ ಎರಡು ತಿಂಗಳಿಗೊಮ್ಮೆ ಎಲ್ಲ ಕುದುರೆಗಳಿಗೂ ಔಷಧಿ ಕೊಡಬೇಕೆಂದು ಸೂಚಿಸಿದರು. ಇದರಿಂದ ದೊಡ್ಡ ಸ್ಟ್ರಾಂಗೈಲಿನ ಹಾವಳಿ ಬಹಳ ತಗ್ಗಿತು. ಆದರೆ ಪದೇ ಪದೇ ಔಷಧಿ ತಿಂದ ಕುದುರೆಗಳಲ್ಲಿ ಅದನ್ನು ತಾಳಿಕೊಂಡ ಹುಳುಗಳೇ ಉಳಿದು ಸಂತಾನ ಬೆಳೆಸಿದವು. 1980ರ ದಶಕದ ಆರಂಭದಲ್ಲಿ ಬಂದ ಐವರ್ಮೆಕ್ಟಿನ್ ಪರಿಣಾಮಕಾರಿಯಾಗಿತ್ತು. ಅದರ ಶೋಧಕ್ಕಾಗಿ ಓಮುರ ಮತ್ತು ಕ್ಯಾಂಪ್‌ಬೆಲ್ ಅವರಿಗೆ 2015ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಆದರೆ ಈಗ ಹಲವು ದೇಶಗಳಲ್ಲಿ ಕುದುರೆಮರಿಯ ದುಂಡುಹುಳುಗಳು ಅದಕ್ಕೂ ಜಗ್ಗುತ್ತಿಲ್ಲ. ಇರುವ ಮದ್ದು ಕೈತಪ್ಪಿದರೆ ನಾಳೆ ಮರಿಗಳನ್ನು ಉಳಿಸುವುದು ಹೇಗೆ?

ಆದುದರಿಂದ ಮದ್ದಿನ ಶಕ್ತಿಯನ್ನು ಕಾಪಾಡುವುದೂ ಚಿಕಿತ್ಸೆಯ ಒಂದು ಭಾಗವೇ. ಕುದುರೆಯ ತೂಕವನ್ನು ಅಳೆದು ಪೂರ್ಣ ಪ್ರಮಾಣವನ್ನೇ ಕೊಡಬೇಕು. ಎರಡು ವಾರಗಳ ಅನಂತರ ಲದ್ದಿಯನ್ನು ಮತ್ತೆ ಎಣಿಸಿ, ಮೊಟ್ಟೆಗಳು ತಗ್ಗಿವೆಯೇ ಎಂದು ನೋಡಬೇಕು. ವಾರಕ್ಕೆ ಎರಡು ಬಾರಿ ಗಾವಲಿನ ಲದ್ದಿಯನ್ನು ಹೆಕ್ಕಬೇಕು. ಹಸಿ ಲದ್ದಿಯನ್ನು ಗೊಬ್ಬರವಾಗಿ ಮೇವಿನ ನೆಲಕ್ಕೆ ಹರಡಬಾರದು. ಹೊಸದಾಗಿ ಬಂದ ಕುದುರೆಯನ್ನು ಪರೀಕ್ಷೆಯಾಗುವವರೆಗೆ ಬೇರೆಯೇ ಕಟ್ಟಬೇಕು. ಮರಿಗಳಿಗೆ ಕೊಡುವ ಔಷಧಿಯನ್ನು ಪಶುವೈದ್ಯರೇ ನಿರ್ಧರಿಸಲಿ. ಲಾಯದಲ್ಲಿ ಔಷಧಿಯ ಸೀಸೆಗಿಂತ ಮೊದಲು ಕೈಗೆ ಬರಬೇಕಾದುದು ಲದ್ದಿ ಹೆಕ್ಕುವ ಬುಟ್ಟಿ ಎಂಬುದನ್ನು ನಾವು ನೆನಪಿನಲ್ಲಿಡೋಣ.